ಕಂಪನಿ ಕೊಟ್ಟ ವೈಫೈ ಡಬ್ಬಿ ಇರುವಾಗ ನಮ್ಮದೇ ರೂಟರ್ ಹಾಕಬಹುದಾ?

ಹಾಕಬಹುದು. ಚಿತ್ರದುರ್ಗದ ಮನೆಯಲ್ಲಿ ಹಿಂದಿನ ಕೋಣೆಗೆ ಸಿಗ್ನಲ್ ಸಿಗದೆ ಈ ಪ್ರಶ್ನೆ ಬರೆದು ಕಳಿಸಿದ್ದೀರಿ. ಲೈನ್ ಎಳೆಯಲು ಬಂದ ಹುಡುಗ ‘ನಮ್ಮ ಮೋಡೆಮ್ ತೆಗೆದರೆ ನೆಟ್ ಬರಲ್ಲ ಸಾರ್’ ಅಂದ ಅಂತಲೂ ಹೇಳಿದ್ದೀರಿ, ಅದೂ ನಿಜವೇ. ಅವನ ಡಬ್ಬಿ ಗೋಡೆ ಮೇಲೆ ಇದ್ದಲ್ಲೇ ಇರಬೇಕು. ನಿಮ್ಮ ರೂಟರ್ ಅದರ ಹಿಂದೆ ಸೇರಿಕೊಳ್ಳಬೇಕು.

ಆ ಡಬ್ಬಿ ಎರಡು ಕೆಲಸ ಮಾಡುತ್ತದೆ. ಹಸಿರು ತುದಿಯ ತೆಳು ವೈರ್ ಇದೆಯಲ್ಲ, ಅದರಲ್ಲಿ ಬರುವುದು ಕರೆಂಟಲ್ಲ, ಬೆಳಕು. ಆ ಬೆಳಕನ್ನು ನೆಟ್ ಆಗಿ ಬದಲಿಸುವುದು ಮೊದಲನೇ ಕೆಲಸ. ಅದನ್ನು ವೈಫೈ ಮಾಡಿ ಮನೆಗೆ ಹಂಚುವುದು ಎರಡನೇದು. ಅಂಗಡಿಯಲ್ಲಿ ಸಿಗುವ ಮಾಮೂಲಿ ರೂಟರಿಗೆ ಎರಡನೇ ಕೆಲಸ ಮಾತ್ರ ಗೊತ್ತು. ಹಸಿರು ತುದಿ ಚುಚ್ಚಲು ಅದರಲ್ಲಿ ಜಾಗವೇ ಇರುವುದಿಲ್ಲ. ಹಾಗಂತ ಅಂಥದ್ದೇ ಇನ್ನೊಂದು ಫೈಬರ್ ಡಬ್ಬಿ ಕೊಂಡು ತಂದರೂ ಸುಮ್ನೆ ನಡೆಯುವುದಿಲ್ಲ. ಬೀದಿಯಲ್ಲಿ ಒಂದೇ ಎಳೆಯನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಹಂಚಿರುತ್ತಾರೆ. ಯಾವ ಡಬ್ಬಿ ಯಾರದ್ದು ಅಂತ ಕಂಪನಿಯ ಯಂತ್ರ ಗುರುತು ಹಿಡಿಯುವುದು ಸಾಮಾನ್ಯವಾಗಿ ಸೀರಿಯಲ್ ನಂಬರ್ ನೋಡಿ. ಗುರುತಿಲ್ಲದ ಡಬ್ಬಿಯನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ನಾನು ಮಾಡಿಕೊಂಡ ಎಡವಟ್ಟು ಹೇಳಿಬಿಡುತ್ತೇನೆ, ನಿಮಗಾದರೂ ಉಪಯೋಗಕ್ಕೆ ಬರಲಿ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು ಮಹಡಿ ಮನೆ. ಡಬ್ಬಿ ಇರುವುದು ಕೆಳಗೆ, ಮುಂಬಾಗಿಲ ಪಕ್ಕ. ವೈರ್ ಎಲ್ಲಿ ಒಳಗೆ ಬರುತ್ತದೋ ಅಲ್ಲೇ ಮೊಳೆ ಹೊಡೆದು ಹೋಗಿದ್ದರು. ಮೇಲಿನ ಕೋಣೆಯಲ್ಲಿ ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತಿತ್ತು. ಒಂದು ಶನಿವಾರ ಸಂಜೆ ಹೊಸ ರೂಟರ್ ತಂದು ಡಬ್ಬಿಗೆ ಜೋಡಿಸಿದೆ. ನೆಟ್ ಬರಲಿಲ್ಲ. ಹಳೆಯದರ ವಿಳಾಸವೂ 192.168.1.1, ಹೊಸದರದ್ದೂ ಅದೇ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಬರೆದ ಹಾಗೆ. ಅಷ್ಟು ತಿಳಿಯದೆ, ಕಂಪನಿ ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಅವರು ತುಂಬಿಸಿದ್ದ ಯೂಸರ್ ಹೆಸರು, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಕಂಪನಿ ತನ್ನ ಲೈನಿಗೆ ಕೊಡುವ ಗುರುತಿನ ಸಂಖ್ಯೆ) ಎಲ್ಲ ಅಳಿಸಿಹೋಯಿತು. ಸೋಮವಾರ ಮಧ್ಯಾಹ್ನ ಅವರು ಬಂದು ಮತ್ತೆ ತುಂಬಿಸುವ ತನಕ ಮನೆಯಲ್ಲಿ ನೆಟ್ಟೂ ಇಲ್ಲ, ನನಗೆ ಮಾತಾಡುವ ಬಾಯೂ ಇಲ್ಲ. ದಯವಿಟ್ಟು ಆ ತೂತಿನ ತಂಟೆಗೆ ಹೋಗಬೇಡಿ.

ಈಗ ಜೋಡಿಸುವ ವಿಷಯ. ಹತ್ತರಲ್ಲಿ ಒಂಬತ್ತು ಮನೆಗೆ ಆಕ್ಸೆಸ್ ಪಾಯಿಂಟ್ ಮೋಡ್ ಸಾಕು ಅಂತ ನನ್ನ ಅಭಿಪ್ರಾಯ. ಮೊದಲು ಹೊಸ ರೂಟರಿಗೆ ಮಾತ್ರ ಲ್ಯಾಪ್‌ಟಾಪ್ ಅಥವಾ ಮೊಬೈಲ್ ಸೇರಿಸಿ. ಸೆಟ್ಟಿಂಗಿನಲ್ಲಿ ಆ ಮೋಡ್ ಆರಿಸಿ. ಆಮೇಲೆ ಕಂಪನಿ ಡಬ್ಬಿಯ ಲ್ಯಾನ್ ಪೋರ್ಟಿನಿಂದ (ಮನೆಯೊಳಗಿನ ಕಂಪ್ಯೂಟರ್ ಸೇರಿಸುವ ತೂತು) ನೆಟ್‌ವರ್ಕ್ ಕೇಬಲ್ ಎಳೆದು ಇದಕ್ಕೆ ಕೊಡಿ. ಆಗ ವಿಳಾಸ ಹಂಚುವ ಯಜಮಾನಿಕೆ ಹಳೇ ಡಬ್ಬಿಯದ್ದೇ, ಹೊಸದು ವೈಫೈ ಬೀರುವ ಕೆಲಸ ಮಾತ್ರ ಮಾಡುತ್ತದೆ. ನಿಮ್ಮ ರೂಟರಿನಲ್ಲಿ ಆ ಮೋಡ್ ಇಲ್ಲವಾ? ಕಂಪನಿ ಡಬ್ಬಿಯ ವಿಳಾಸ 192.168.1.1 ಆಗಿದ್ದರೆ ನಿಮ್ಮದರ ವಿಳಾಸವನ್ನು 192.168.1.2 ಮಾಡಿ. ಆ ನಂಬರ್ ಬೇರೆ ಯಾವುದಕ್ಕೂ ಸಿಕ್ಕಿರಬಾರದು, ಅಷ್ಟು ನೋಡಿಕೊಳ್ಳಿ. ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಕೇಬಲನ್ನು ಎರಡೂ ಕಡೆ ಲ್ಯಾನ್ ಪೋರ್ಟಿಗೇ ಹಾಕಿ, ಹೊರಗಿನ ನೆಟ್ ತೆಗೆದುಕೊಳ್ಳುವ ವ್ಯಾನ್ ಪೋರ್ಟ್ ಖಾಲಿ ಬಿಡಿ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ನೀವು ಓಡಾಡುವಾಗ ಮೊಬೈಲ್ ತಾನಾಗೇ ಹತ್ತಿರದ್ದಕ್ಕೆ ಅಂಟಿಕೊಳ್ಳುತ್ತದೆ. ಕೆಲವು ಹಟಮಾರಿ ಫೋನುಗಳು ಹಳೆಯದನ್ನೇ ಹಿಡಿದುಕೊಂಡಿರುತ್ತವೆ, ಒಮ್ಮೆ ವೈಫೈ ಆಫ್ ಮಾಡಿ ಆನ್ ಮಾಡಿದರಾಯಿತು.

ಇನ್ನೊಂದು ದಾರಿ ಬ್ರಿಡ್ಜ್ ಮೋಡ್. ಇದರಲ್ಲಿ ಕಂಪನಿ ಡಬ್ಬಿ ಬೆಳಕಿನ ಕೆಲಸವನ್ನಷ್ಟೇ ಇಟ್ಟುಕೊಂಡು ಉಳಿದದ್ದೆಲ್ಲ ನಿಮ್ಮ ರೂಟರಿಗೆ ಬಿಟ್ಟುಕೊಡುತ್ತದೆ. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕು. ನಿಮ್ಮದು ಪಿಪಿಪಿಒಇ (ಯೂಸರ್ ಹೆಸರು ಕೊಟ್ಟು ಲಾಗಿನ್ ಆಗುವ) ಲೈನ್ ಆಗಿದ್ದರೆ ಅದರ ಯೂಸರ್ ಹೆಸರು, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ, ವಿಲ್ಯಾನ್ ನಂಬರ್ ಬೇಕಾ ಅಂತಲೂ ಕೇಳಿ. ಅದೇ ಡಬ್ಬಿಗೆ ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ಬಾಕ್ಸ್ ಸೇರಿದ್ದರೆ ಅವು ಉಳಿಯುತ್ತವಾ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ.

ಬ್ರಿಡ್ಜ್ ಮಾಡಿಸದಿದ್ದರೆ ‘ಡಬಲ್ ನ್ಯಾಟ್’ ಆಗುತ್ತದೆ ಅಂತ ಯೂಟ್ಯೂಬಿನಲ್ಲಿ ಹೆದರಿಸುತ್ತಾರೆ. ಎರಡೂ ಡಬ್ಬಿ ಬೇರೆ ಬೇರೆಯಾಗಿ ವಿಳಾಸ ಹಂಚಿದಾಗ ಆಗುವುದು ಅದು. ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಇನ್ನು ಮನೆಯ ಕ್ಯಾಮೆರಾ ರೆಕಾರ್ಡರನ್ನು ಹೊರಗಿನಿಂದ ನೇರವಾಗಿ ನೋಡಬೇಕು, ಅದಕ್ಕೇ ಬ್ರಿಡ್ಜ್ ಬೇಕು ಅಂತಿದ್ದರೆ ಮೊದಲು ಡಬ್ಬಿಯ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಕಂಪನಿಯೇ ಒಂದು ವಿಳಾಸವನ್ನು ಹಲವು ಮನೆಗೆ ಹಂಚುತ್ತಿದೆ ಅಂತ ಅರ್ಥ. ಆಗ ಬ್ರಿಡ್ಜ್ ಮಾಡಿಸಿದರೂ ಹೊರಗಿನಿಂದ ನೇರ ದಾರಿ ತೆರೆಯುವುದಿಲ್ಲ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಮೀಸಲಾದ ಬದಲಾಗದ ವಿಳಾಸ, ಕೇಳಬೇಕು, ಇಲ್ಲವೇ ಕ್ಯಾಮೆರಾ ಕಂಪನಿಯ ಆ್ಯಪ್ ಸಾಕು ಅಂದುಕೊಳ್ಳಬೇಕು.

ಆದರೆ ನಿಮ್ಮ ತೊಂದರೆ ಇದ್ಯಾವುದೂ ಅಲ್ಲ ಅನ್ನಿಸುತ್ತದೆ. ಚಿತ್ರದುರ್ಗದ ಹಳೇ ಮನೆ, ಕಲ್ಲಿನ ಗೋಡೆ, ಹಿಂದಿನ ಕೋಣೆಗೆ ಸಿಗ್ನಲ್ ಇಲ್ಲ ಅಂತ ಬರೆದಿದ್ದೀರಿ. ನಮ್ಮ ಅಜ್ಜಿ ಮನೆಯೂ ಕೋಟೆ ಕಡೆಯ ಹಳೇ ಊರಿನಲ್ಲೇ ಇತ್ತು. ಅಲ್ಲಿ ಒಂದು ಕೋಣೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ, ಇನ್ನು ವೈಫೈ ಎಲ್ಲಿ ದಾಟಬೇಕು? ಹೊಸ ರೂಟರನ್ನು ಹಳೇ ಡಬ್ಬಿ ಪಕ್ಕದಲ್ಲೇ ಇಟ್ಟರೆ ಅದು ಎಷ್ಟು ಸಾವಿರದ್ದಾದರೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ವೈಫೈ ಬೀರುವ ಅಲೆಗಳಲ್ಲಿ 5 ಗಿಗಾಹರ್ಟ್ಜ್ ವೇಗ ಜಾಸ್ತಿ ಕೊಡುತ್ತದೆ, ಗೋಡೆ ಮುಂದೆ ಬೇಗ ಸೋಲುತ್ತದೆ. 2.4 ಸ್ವಲ್ಪ ದೂರ ಹೋಗುತ್ತದೆ, ಕಲ್ಲು ಅದನ್ನೂ ತಿನ್ನುತ್ತದೆ. ಕೇಬಲ್ ಎಳೆದು ರೂಟರನ್ನು ಹಿಂದಿನ ಕೋಣೆಯಲ್ಲೇ ಇಡಿ. ಕಲ್ಲು ಕೊರೆಸುವುದು ಬೇಡ. ಜಂತೆಗುಂಟ ತಂದು ಬಾಗಿಲ ಮೇಲಿನ ಸಂದಿಯಿಂದಲೋ ಬೆಳಕಿಂಡಿಯಿಂದಲೋ ಇಳಿಸಬಹುದು. ಈ ಕೇಬಲ್ 100 ಮೀಟರ್ ತನಕ ತೊಂದರೆ ಇಲ್ಲದೆ ಓಡುತ್ತದೆ, ಮನೆಯೊಳಗೆ ಅಷ್ಟು ಬೇಕಾಗುವುದೂ ಇಲ್ಲ. ಕ್ಯಾಟ್ 6 ಅನ್ನುವ ಬಗೆಯ ಕೇಬಲ್ ತನ್ನಿ, ತುದಿ ಒತ್ತುವವನಿಗೆ ಎಂಟೂ ಎಳೆ ಸೇರಿಸಲು ಹೇಳಿ. ನಾಲ್ಕೇ ಎಳೆ ಸೇರಿಸಿ ಮುಗಿಸುವವರಿದ್ದಾರೆ. ಆಗ ನೀವು 300 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿದರೂ 100 ದಾಟುವುದಿಲ್ಲ.

ಕರೆಂಟ್ ಹೋದಾಗಿನದ್ದನ್ನೂ ಯೋಚಿಸಿ. ಇನ್ನು ಮೇಲೆ ಎರಡು ಡಬ್ಬಿಗೂ ಬ್ಯಾಕಪ್ ಬೇಕು, ಮುಂದಿನದು ಆರಿದರೆ ಹಿಂದಿನದರ ವೈಫೈ ಇದ್ದೂ ನೆಟ್ ಇರುವುದಿಲ್ಲ. ಮಿನಿ ಯುಪಿಎಸ್ ತರುವ ಮುಂಚೆ ಎರಡೂ ಅಡಾಪ್ಟರ್ ತಿರುಗಿಸಿ ಓದಿ. ನಮ್ಮಲ್ಲಿ ಕಂಪನಿಯದ್ದು 12 ವೋಲ್ಟ್, ಹೊಸದು 9 ವೋಲ್ಟ್. ನಾನು ನೋಡದೆ 12ರದ್ದೇ ಎರಡು ತಂದು, ಒಂದನ್ನು ವಾಪಸ್ ಕೊಡಲು ಮತ್ತೆ ಅಂಗಡಿಗೆ ಹೋಗಬೇಕಾಯಿತು.