ಗೋವಾದ ವಾಸ್ಕೋ ಊರಿನ ಬಾಲ್ಕನಿಯಲ್ಲಿ ಎರಡೇ ದಿನಕ್ಕೆ ಬಿಚ್ಚಿಕೊಂಡ ಕ್ರಿಸ್‌ಮಸ್ ನಕ್ಷತ್ರಕ್ಕೆ

ಬಿದಿರಿನ ಕಡ್ಡಿಗೆ ಗಾಳಿಪಟದ ಕಾಗದ ಅಂಟಿಸಿದ ನಿಮ್ಮ ನಕ್ಷತ್ರದೀಪ ಎರಡೇ ದಿನಕ್ಕೆ ಬಿಚ್ಚಿಕೊಂಡಿತು ಎಂದಿರಿ. ತಪ್ಪು ಬಹುಶಃ ನೀವು ಹಚ್ಚಿದ ಮೈದಾ ಅಂಟಿನದು; ಗೋವಾದ ರಾತ್ರಿ ಇಬ್ಬನಿಗೆ ಅದು ಮೆತ್ತಗಾಗುತ್ತದೆ. ಹೊಸ ನಕ್ಷತ್ರ ಕೊಳ್ಳಬೇಡಿ, ಬಿದಿರಿನ ಚೌಕಟ್ಟು ಗಟ್ಟಿಯಿದ್ದರೆ ಸಾಕು. ಕಾಗದ ಕಿತ್ತು ಕಡ್ಡಿ ಒರೆಸಿ ಒಣಗಿಸಿ. ಆಮೇಲೆ 5 ಒಳಮೂಲೆಗಳ ಅಡ್ಡಕಡ್ಡಿಗಳನ್ನು ನೋಡಿ: ಚೌಕಟ್ಟಿನ ಮುಂದಿನ, ಹಿಂದಿನ ಎರಡು ಪದರವನ್ನು ಉಬ್ಬಿಸಿ ಹಿಡಿಯುವುದು ಅವೇ, ಒಂದು ಜಾರಿದರೂ ಕಾಗದ ಸಡಿಲಾಗಿ ಗಾಳಿಗೆ ಹರಿಯುತ್ತದೆ. ದಾರದಿಂದ ಬಿಗಿದು ಗಂಟಿಗೆ ಫೆವಿಕಾಲ್ ಹನಿಸಿ. ಈ ಸಲ ಗಾಳಿಪಟದ ಕಾಗದ ಬೇಡ, ಪ್ಲಾಸ್ಟಿಕ್ ಜಿಲೇಟಿನ್ ಪೇಪರ್ ತನ್ನಿ. ಅದಕ್ಕೆ ಫೆವಿಕಾಲ್ ಹಿಡಿಯದು. ಅಂಚನ್ನು 1 ಇಂಚು ಕಡ್ಡಿಯ ಮೇಲೆ ಮಡಚಿ ಟೇಪ್ ಹಚ್ಚಿ. ಬಲ್ಬ್ ತೂರಿಸಲು ಹಿಂಬದಿಯಲ್ಲಿ ಒಂದು ಕಿಂಡಿ ಬಿಡಿ. ಹಳೆ 40 ವ್ಯಾಟ್ ಬಲ್ಬಂತೂ ಬೇಡವೇ ಬೇಡ, ಬಿಸಿಗೆ ಹಾಳೆ ಕರಗೀತು. 3 ವ್ಯಾಟ್ ಎಲ್‌ಇಡಿ ಧಾರಾಳ. ಭಾರ ವೈರಿಗೆ ಬೀಳದಂತೆ ನೈಲಾನ್ ಹಗ್ಗಕ್ಕೆ ಕಟ್ಟಿ.