ಮನೆಖರ್ಚಿನ ಲೆಕ್ಕಕ್ಕೆ ಯಾವ ಆ್ಯಪ್ ಸರಿ?

ಪ್ರಶ್ನೆ: ನಾನು ಮತ್ತು ನನ್ನ ಪತಿ ಇಬ್ಬರೂ ನೌಕರಿಯಲ್ಲಿದ್ದೇವೆ. ಆದರೂ ಇಪ್ಪತ್ತನೇ ತಾರೀಖಿನ ಹೊತ್ತಿಗೆ ಕೈ ಬರಿದಾಗುತ್ತದೆ. ಮೂರು ಆ್ಯಪ್‌ಗಳನ್ನು ನೋಡಿದ್ದೇನೆ. ಒಂದು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಇನ್ನೊಂದು ಬ್ಯಾಂಕ್ ಖಾತೆಯನ್ನೇ ಜೋಡಿಸಲು ಹೇಳುತ್ತದೆ, ಮೂರನೆಯದರಲ್ಲಿ ಎಲ್ಲವನ್ನೂ ನಾವೇ ಬರೆಯಬೇಕು. ಯಾವುದು ಒಳ್ಳೆಯದು?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಹಣ ಎಲ್ಲಿ ಸೋರುತ್ತಿದೆಯೋ ಅದು ಯಾವ ಆ್ಯಪ್‌ಗೆ ಕಾಣುತ್ತದೆ ಎಂಬುದನ್ನು ಮೊದಲು ನೋಡಿ. ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸು ಇವುಗಳ ಲೆಕ್ಕ ನಿಮಗೆ ಬಾಯಿಪಾಠವೇ ಇದ್ದೀತು. ಲೆಕ್ಕಕ್ಕೆ ಸಿಗದೆ ಹೋಗುವುದು ಸಾಮಾನ್ಯವಾಗಿ ಚಿಲ್ಲರೆ ಖರ್ಚು.

ಎಸ್‌ಎಂಎಸ್ ಓದುವ ಆ್ಯಪ್ ಎಡವುವುದೂ ಅಲ್ಲಿಯೇ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ 100 ರೂಪಾಯಿವರೆಗಿನ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳುಹಿಸುವುದನ್ನು ನಿಲ್ಲಿಸಿತು. ಬಾರದ ಸಂದೇಶವನ್ನು ಯಾವ ಆ್ಯಪ್ ತಾನೇ ಓದೀತು? ನೀವು ಯುಪಿಐ ಲೈಟ್ (ಸಣ್ಣ ಪಾವತಿಗೆಂದು ಮೊದಲೇ ಹಣ ತುಂಬಿಟ್ಟುಕೊಳ್ಳುವ ಸೌಲಭ್ಯ) ಬಳಸುವವರಾದರೆ, ಖಾತೆಯ ವಿವರದಲ್ಲಿ ಲೈಟ್‌ಗೆ 1,000 ರೂಪಾಯಿ ತುಂಬಿದ ಒಂದು ಸಾಲು ಇರುತ್ತದೆಯೇ ಹೊರತು, ಅದರಲ್ಲಿ ಬೆಣ್ಣೆದೋಸೆಗೆ ಎಷ್ಟು ಹೋಯಿತು, ಆಟೊಗೆ ಎಷ್ಟು ಹೋಯಿತು ಎಂಬುದು ಇರುವುದಿಲ್ಲ. ಕ್ರೆಡಿಟ್ ಕಾರ್ಡ್ ಇದ್ದರೆ ಇನ್ನೊಂದು ತೊಡಕು: ಕಾರ್ಡಿನ ಖರ್ಚನ್ನೂ, ಆಮೇಲೆ ಕಟ್ಟಿದ ಅದರ ಬಿಲ್ಲನ್ನೂ ಆ್ಯಪ್ ಎರಡು ಖರ್ಚಾಗಿ ಕೂಡಿಸಿಬಿಡುವುದುಂಟು. ನಿಮ್ಮ ಪತಿ ಐಫೋನ್ ಬಳಸುತ್ತಿದ್ದರೆ ಈ ಬಗೆಯ ಆ್ಯಪ್ ಅದರಲ್ಲಿ ನಡೆಯುವುದೇ ಇಲ್ಲ.

ಖಾತೆ ಜೋಡಿಸುವ ವಿಧಾನ ಇದಕ್ಕಿಂತ ಶಿಸ್ತಿನದು, ಆದರೆ ಅದು ಅಕೌಂಟ್ ಅಗ್ರಿಗೇಟರ್ (ನಿಮ್ಮ ಒಪ್ಪಿಗೆ ಪಡೆದು ಬ್ಯಾಂಕಿನ ಮಾಹಿತಿಯನ್ನು ಆ್ಯಪ್‌ಗೆ ತಲುಪಿಸುವ ಮಧ್ಯವರ್ತಿ ಸಂಸ್ಥೆ) ಮೂಲಕ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ರೂಪಿಸಿ, 2021ರಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ ಯಾವ ಮಾಹಿತಿ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂಬುದಕ್ಕೆ ನೀವು ಒಪ್ಪಿಗೆ ಕೊಡುತ್ತೀರಿ, ಬೇಡವೆನಿಸಿದಾಗ ಹಿಂಪಡೆಯಬಹುದು. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳುವ ಆ್ಯಪನ್ನು ಅಲ್ಲಿಗೇ ತೆಗೆದುಹಾಕಿ.

ಪುಕ್ಕಟೆ ಆ್ಯಪ್‌ನ ಆದಾಯ ಎಲ್ಲಿಂದ ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಎಸ್‌ಎಂಎಸ್ ಓದಿ ಲೆಕ್ಕವಿಡುತ್ತಿದ್ದ ವಾಲ್‌ನಟ್ ಆ್ಯಪನ್ನು 2018ರಲ್ಲಿ ಕೊಂಡುಕೊಂಡದ್ದು ಕ್ಯಾಪಿಟಲ್ ಫ್ಲೋಟ್ ಎಂಬ ಸಾಲ ನೀಡುವ ಸಂಸ್ಥೆ. ನಿಮ್ಮ ಖರ್ಚಿನ ರೀತಿ ತಿಳಿದವರಿಗೆ ನಿಮಗೆ ಯಾವಾಗ ಸಾಲ ಬೇಕಾಗುತ್ತದೆಂಬುದೂ ತಿಳಿಯುತ್ತದೆ.

ಆದ್ದರಿಂದ ನಿಮ್ಮ ಸ್ಥಿತಿಗೆ, ಬೇಸರದ ಕೆಲಸವಾದರೂ, ಕೈಯಾರೆ ಬರೆಯುವ ಆ್ಯಪೇ ಮೇಲೆಂದು ನನ್ನ ಅಭಿಪ್ರಾಯ. ಚೀಟಿ ಹಣ, ಹೂವು, ತರಕಾರಿ, ಮನೆಗೆಲಸದವರ ಸಂಬಳದಂಥ ನಗದು ಖರ್ಚು ಬೇರೆ ಯಾವುದಕ್ಕೂ ಸಿಗುವುದಿಲ್ಲ. ಇಬ್ಬರೂ ಒಂದೇ ಲೆಕ್ಕದಲ್ಲಿ ಬರೆಯಲು ಅವಕಾಶವಿರಬೇಕು, ಲೆಕ್ಕವನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳುವಂತಿರಬೇಕು. ಏಕೆಂದರೆ ಆ್ಯಪ್ ಯಾವಾಗ ಬೇಕಾದರೂ ನಿಂತುಹೋಗಬಹುದು: ಅಮೆರಿಕದಲ್ಲಿ ಹೆಸರಾಗಿದ್ದ ಖರ್ಚಿನ ಲೆಕ್ಕದ ಆ್ಯಪ್ ಮಿಂಟ್ ಕೂಡ 2024ರ ಮಾರ್ಚ್‌ನಲ್ಲಿ ಮುಚ್ಚಿಹೋಯಿತು. ವಿಭಾಗಗಳು ಏಳೆಂಟು ಸಾಕು. ಎರಡು ತಿಂಗಳು ಹೀಗೆ ಬರೆದ ಮೇಲೂ ದೊಡ್ಡ ಮೊತ್ತಗಳೇ ತಪ್ಪಿಹೋಗುತ್ತಿವೆ ಎನಿಸಿದರೆ, ಆಗ ಆರು ತಿಂಗಳ ಒಪ್ಪಿಗೆ ಕೊಟ್ಟು ಖಾತೆ ಜೋಡಿಸುವ ಆ್ಯಪನ್ನು ಜೊತೆಗಿಟ್ಟುಕೊಳ್ಳಿ.