ದತ್ತು ಮಗುವಿಗಾಗಿ ಕಾಯುತ್ತಿದ್ದೇವೆ, ಪ್ರಾರ್ಥನೆಯೇ ಬರುತ್ತಿಲ್ಲ. ನಿಮ್ಮ ಮನೆಯಲ್ಲಿ ವಿಶ್ವಾಸ ಹೇಗೆ ಉಳಿಯಿತು?

ಪ್ರಾರ್ಥನೆ ಬರದೇ ಇರುವುದು ಪಾಪವಲ್ಲ ತಂಗಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಮುಂದಿನದನ್ನು ನಿಧಾನವಾಗಿ ಓದಿ.

ನೀವು ಬರೆದಿದ್ದೀರಿ: ಇಬ್ಬರೂ ಕರ್ನಾಟಕದ ಕ್ರೈಸ್ತರು, ಈಗ ಅಮೆರಿಕದ ಪೌರರು. ಭಾರತದಿಂದ ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿ ಒಂದೂವರೆ ವರ್ಷವಾಯಿತು. ಸಭೆಯವರು ಸಿಕ್ಕಾಗಲೆಲ್ಲ 'ದೇವರ ಸಮಯ ಬರಲಿ' ಅನ್ನುತ್ತಾರೆ, ನಿಮಗೋ ಮೊಣಕಾಲೂರಿದರೆ ಬಾಯಲ್ಲಿ ಮಾತೇ ಹೊರಡುವುದಿಲ್ಲ. ನಮ್ಮದೂ ಹೆಚ್ಚುಕಡಿಮೆ ಇದೇ ದಾರಿ. ನಾನು ಗುಳೇದಗುಡ್ಡದವಳು, ನರ್ಸ್. ಹದಿನಾಲ್ಕು ವರ್ಷ ಅಮೆರಿಕದಲ್ಲಿದ್ದೆವು. ಅಲ್ಲಿದ್ದಾಗಲೇ 2019ರಲ್ಲಿ ಮಗಳು ನಮ್ಮ ಮನೆಗೆ ಬಂದಳು. ಈಗ ಬಾಗಲಕೋಟೆಯ ನವನಗರದಲ್ಲಿದ್ದೇವೆ.

ನನ್ನ ಪ್ರಾರ್ಥನೆ ನಿಂತಿದ್ದೂ ಮತ್ತೆ ಶುರುವಾಗಿದ್ದೂ ಎರಡೂ 2018ರಲ್ಲಿ. ಶುರುವಾದದ್ದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನೀವು ಕೇಳಿದ್ದು ಅದನ್ನೇ.

ಆ ವರ್ಷ ರಜೆಗೆ ಊರಿಗೆ ಬಂದಿದ್ದೆ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಬರಲಿರುವ ಮೊಮ್ಮಗುವಿಗೆ. ತನ್ನ ಹಳೆಯ ಇಳಕಲ್ ಸೀರೆಯ ತುಂಡು, ತೀರಿಕೊಂಡ ಅಪ್ಪನ ಧೋತರ, ನನ್ನ ಶಾಲೆಯ ನೀಲಿ ಲಂಗ, ಅತ್ತೆ ಕಳಿಸಿದ ಒಂದು ಸೀರೆ, ಪಕ್ಕದ ಮನೆಯ ಮಗ್ಗದವರು ಕೊಟ್ಟ ಖಣದ ತುಂಡುಗಳು. ಪಕ್ಕದ ಮನೆಯವರು ನಮ್ಮ ಸಭೆಯವರಲ್ಲ. 'ಕೂಸಿಗೆ ಅಂದ್ರ ನಮ್ದೂ ಒಂದ್ ತುಂಡ ಇರ್ಲಿ' ಎಂದು ಆ ಕಾಕು ತಾವೇ ತಂದುಕೊಟ್ಟಿದ್ದರು. ಸಂಜೆ ಮನೆ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂತು. ಎಷ್ಟೋ ವಾರದಿಂದ ಮನಸ್ಸಿಲ್ಲದೆ ಬಾಯಿಪಾಠದಂತೆ ಹೇಳುತ್ತಿದ್ದುದನ್ನೇ ಹೇಳಿದೆ: ಕರ್ತನೇ, ನನ್ನ ಮಗುವನ್ನು ಬೇಗ ನನ್ನ ಕೈಗೆ ಕೊಡು. ಆಮೆನ್ ಆದಮೇಲೆ ಅವ್ವ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು:

'ನೀ ದಿನಾ ನನ್ನ ಕೂಸು, ನನ್ನ ಕೂಸು ಅಂತ ಬೇಡಾಕತ್ತಿ. ಆ ಕೂಸಿನ್ನ ಹಡದಾಕಿ ಎಲ್ಲಿ ಅದಾಳೋ, ಏನ್ ಉಂಡಾಳೋ. ಆಕಿ ಸಲುವಾಗಿ ಒಮ್ಮ್ಯಾರ ಬೇಡೀಯೇನ?'

ಬೇಡಿರಲಿಲ್ಲ. ಒಂದು ಸಲವೂ ಇಲ್ಲ.

ಅವ್ವನಿಗೆ ಈ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವಳ ಮುತ್ತಜ್ಜ 1876-78ರ ದೊಡ್ಡ ಬರದಲ್ಲಿ ಉಳಿದ ಕೂಸು. ತಂದೆ ತಾಯಿ ಸತ್ತರೋ, ದಾರಿಯಲ್ಲಿ ಬಿಟ್ಟುಹೋದರೋ, ಯಾರಿಗೂ ತಿಳಿಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಸಾಕಿದರು, ಓದಿಸಿದರು, ನೇಯ್ಗೆ ಕಲಿಸಿದರು. ಅವನಿಂದ ನಮ್ಮ ವಂಶ. ಅವನನ್ನು ಸಾಕಿದವರ ಕಥೆಯನ್ನು ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಹೇಳುತ್ತೇವೆ. ಹೆತ್ತವಳ ಹೆಸರು ಯಾರೂ ಬರೆದಿಡಲಿಲ್ಲ. ಪರದೇಶದವರ ಕೈಯಲ್ಲಿ ಬೆಳೆದ ಮಗುವಿನ ಮರಿಮೊಮ್ಮಗಳು ಅವ್ವ. ಆದ್ದರಿಂದಲೇ ಅವಳಿಗೆ ಆ ಕಾಣದ ಹೆಂಗಸು ಕಾಣುತ್ತಿದ್ದಳು, ನನಗೆ ಕಾಣುತ್ತಿರಲಿಲ್ಲ.

ಅವತ್ತಿನಿಂದ ನನಗಾಗಿ ಬೇಡುವುದನ್ನು ಬಿಟ್ಟೆ. ಮಾತು ಬರದ ದಿನವೂ 'ಅವಳು ಉಂಡಿರಲಿ' ಎಂಬ ಎರಡು ಮಾತು ಬರುತ್ತಿತ್ತು. ಪ್ರಾರ್ಥನೆ ಹಿಂದಕ್ಕೆ ಬಂದದ್ದು ಹೀಗೆ, ಬೇರೊಬ್ಬರ ಬಾಗಿಲಿಂದ.

ಇನ್ನು ಅದು ನಿಂತದ್ದು ಯಾಕೆ ಎಂಬುದು. ಇದನ್ನು ಬರೆಯಲು ನನಗೆ ಈಗಲೂ ಕಷ್ಟ. ಆದರೆ ಮಗುವಿನ ವಿವರಗಳ ಫೈಲ್ ಬಂದಾಗ ನಿಮಗೂ ಇದೇ ಎದುರಾಗಬಹುದು.

ಆ ವರ್ಷದ ಆರಂಭದಲ್ಲಿ ನಮಗೆ ಮೊದಲ ಮಗುವಿನ ಫೈಲ್ ಬಂತು. ಗಂಡುಮಗು, ಒಂದು ವರ್ಷ ದಾಟಿತ್ತು. ಹೃದಯದ ದೋಷ. ವೈದ್ಯಕೀಯ ವರದಿಯನ್ನು ನರ್ಸ್ ಆಗಿ ಓದಿದೆ, ಅದೇ ಕಷ್ಟವಾಯಿತು. ಒಂದರ ಹಿಂದೆ ಒಂದು ಶಸ್ತ್ರಚಿಕಿತ್ಸೆ ಬೇಕಿತ್ತು. ನಾವಿದ್ದ ಸಣ್ಣ ಊರಿನಿಂದ ಮಕ್ಕಳ ಹೃದಯದ ಆಸ್ಪತ್ರೆಗೆ ಐದು ಗಂಟೆ ದಾರಿ. ಇವರದು ರಾತ್ರಿ ಪಾಳಿ, ನನ್ನ ನೌಕರಿ ಬಿಟ್ಟರೆ ವಿಮೆ ಹೋಗುತ್ತದೆ. ಆಗಿನ ನಿಯಮದಂತೆ ಮಗುವನ್ನು ಕಾಯ್ದಿರಿಸಿಕೊಳ್ಳಲು ಇದ್ದದ್ದು 96 ಗಂಟೆ. ಫೋಟೋದಲ್ಲಿ ಅವನು ಹಳದಿ ಅಂಗಿ ಹಾಕಿಕೊಂಡು ಯಾರದೋ ಬೆರಳು ಹಿಡಿದು ನಿಂತಿದ್ದ. ಬೆರಳಿನವರ ಮುಖ ಫೋಟೋದಲ್ಲಿ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ 'ನಮ್ಮಿಂದ ಆಗದು' ಎಂದು ಬರೆದು ಕಳಿಸಿದೆವು.

ಆ ಭಾನುವಾರ ದೇವಾಲಯದಲ್ಲಿ ಎದ್ದು ನಿಂತೆ, ಹಾಡಲು ಆಗಲಿಲ್ಲ. ಅಷ್ಟು ದಿನ ಎಲ್ಲರಿಗೂ ಹೇಳುತ್ತಾ ಬಂದಿದ್ದೆ: ನಮ್ಮ ಮಗು ಯಾವುದೆಂದು ದೇವರು ಆಗಲೇ ಗುರುತು ಮಾಡಿಟ್ಟಿದ್ದಾನೆ, ಅದೇ ಬರುತ್ತದೆ. ಹಾಗಾದರೆ ಬಂದದ್ದು ಇವನೇ ಅಲ್ಲವೇ? ದೇವರು ಕಳಿಸಿದವನನ್ನೇ ಬೇಡವೆಂದೆನೇ? ಪರಿಚಯದವರೊಬ್ಬರು ಸಮಾಧಾನಕ್ಕೆ 'ಅವನು ನಿಮ್ಮವನಾಗುವುದು ದೇವರ ಚಿತ್ತದಲ್ಲಿ ಇರಲಿಲ್ಲ ಬಿಡಿ' ಎಂದರು. ಅದು ಇನ್ನಷ್ಟು ಚುಚ್ಚಿತು. ಬೇಡ ಎಂದು ಬರೆದ ಕೈ ನನ್ನದು. ಅದನ್ನು ದೇವರ ಕೈ ಅನ್ನಲು ನನಗೆ ಬಾಯಿ ಬರಲಿಲ್ಲ.

ಇದರಲ್ಲಿ ನಾನು ಕಲಿತದ್ದು ಒಂದೇ. ನಾವು ತೆಗೆದುಕೊಂಡ ನಿರ್ಧಾರವನ್ನು ನಾವೇ ಹೊರಬೇಕು, ದೇವರ ಹೆಗಲಿಗೆ ದಾಟಿಸಬಾರದು. ನಮ್ಮ ಕೈಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಅಳೆದು ನೋಡಿದ್ದು ಅವಿಶ್ವಾಸವಲ್ಲ. ಆ ಹುಡುಗ ನಮ್ಮ ಮನೆಗೆ ಬರಲಿಲ್ಲವೆಂದು ಯೇಸುಸ್ವಾಮಿ ಅವನನ್ನು ಬಿಟ್ಟುಬಿಟ್ಟನೆಂದೂ ಅಲ್ಲ. ಈ ಎರಡು ಮಾತನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು, ಅವ್ವನ ಮಾತು ಬಂದಮೇಲೇ ಹಾದಿ ಸಿಕ್ಕಿತು. ಆದ್ದರಿಂದ ವರದಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿ. 'ವಿಶ್ವಾಸವಿದ್ದರೆ ಓದಬೇಕಾಗಿಲ್ಲ' ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಕಾಯುವುದು ಇಷ್ಟು ಉದ್ದ ಯಾಕೆ ಎಂದೂ ಕೇಳಿದ್ದೀರಿ. ದತ್ತಿಗೆ ಮುಕ್ತವೆಂದು ಘೋಷಿಸಿದ ಮಗುವಿಗೆ ಮೊದಲು ಭಾರತದಲ್ಲಿರುವವರನ್ನು, ಅನಿವಾಸಿ ಭಾರತೀಯರನ್ನು ಹುಡುಕುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 60 ದಿನದಲ್ಲಿ ಯಾರೂ ಸಿಗದಿದ್ದರೆ ಮಾತ್ರ ಹೊರದೇಶದ ದತ್ತಿಗೆ ದಾರಿ ತೆರೆಯುತ್ತದೆ. ವಿಶೇಷ ಆರೈಕೆ ಬೇಕಾದ ಮಕ್ಕಳು, ಐದು ದಾಟಿದವರು, ಒಡಹುಟ್ಟಿದವರು ಹೊರಗೆ ಹೋಗುವುದರಲ್ಲಿ ಮುಂದಿರುವುದು ಇದರಿಂದಲೇ. ನಿಮ್ಮ ಹತ್ತಿರ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ವಿದೇಶಿಯರಿಗಿಂತ ಆದ್ಯತೆ ಉಂಟು. ನನಗೆ ಮೊದಮೊದಲು ಈ ನಿಯಮದ ಮೇಲೆ ಸಿಟ್ಟು ಬರುತ್ತಿತ್ತು. ಈಗ ಸರಿ ಅನ್ನಿಸುತ್ತದೆ. ತನ್ನ ನೆಲ, ತನ್ನ ಮಾತು ಬಿಟ್ಟುಹೋಗುವುದು ಮಗುವಿಗೆ ಸಣ್ಣ ನಷ್ಟವಲ್ಲ. ಮಕ್ಕಳನ್ನು ಹೊರಗೆ ಕಳಿಸುವುದರಲ್ಲಿ ಮೋಸ ನಡೆದಿದೆ ಎಂಬ ದೂರಿನ ಮೇಲೆಯೇ ಸುಪ್ರೀಂ ಕೋರ್ಟ್ 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಕಟ್ಟುಪಾಡು ಹಾಕಿದ್ದು. ಕಾಗದ ನಿಧಾನ ಸಾಗುವಾಗಲೆಲ್ಲ ಇವರು ಹೇಳುತ್ತಿದ್ದರು, 'ಇದು ನಮ್ಮನ್ನು ತಡೆಯಲಿಕ್ಕಲ್ಲ, ಕೂಸನ್ನು ಕಾಯಲಿಕ್ಕೆ.'

ನಮ್ಮವರಲ್ಲಿ ಹಿರಿಯರು ಕೆಲವರು 'ಕ್ರೈಸ್ತರಿಗೆ ದತ್ತು ಕಾನೂನೇ ಇಲ್ಲವಲ್ಲ' ಎಂದು ಹೆದರಿಸಬಹುದು. ಅವರ ಕಾಲಕ್ಕೆ ಆ ಮಾತು ನಿಜ. 1956ರ ಹಿಂದೂ ದತ್ತಕ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ನನ್ನ ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಒಂದು ಹೆಣ್ಣುಮಗುವನ್ನು ತಂದು ಸಾಕಿದರು. 1890ರ ಪಾಲಕರ ಕಾಯ್ದೆಯಡಿ ಅವರು ಬರೀ ಪಾಲಕರಾದರು, ಕಾಗದದಲ್ಲಿ ಅಪ್ಪ ಆಗಲಿಲ್ಲ. ಮನೆಯಲ್ಲಿ ಪಾಲು ಕೊಡಲು ಉಯಿಲು ಬರೆಯಬೇಕಾಯಿತು. ಅದನ್ನು ಬರೆಯುವ ದಿನ ದೊಡ್ಡಪ್ಪ ಊಟ ಮಾಡಲಿಲ್ಲ ಎಂದು ದೊಡ್ಡವ್ವ ಹೇಳುತ್ತಿದ್ದಳು. 2006ರ ತಿದ್ದುಪಡಿಯಿಂದ ಬಾಲನ್ಯಾಯ ಕಾಯ್ದೆಯಡಿ ಎಲ್ಲ ಧರ್ಮದವರಿಗೂ ಪೂರ್ತಿ ದತ್ತಿನ ಹಾದಿಯಾಯಿತು, 2014ರಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊರದೇಶದ ದತ್ತಿನ ಕಲಮಿನಲ್ಲಿಯೂ 'ಯಾವ ಧರ್ಮದವರಾದರೂ' ಎಂದೇ ಇದೆ.

ಹೀಗೆಂದು ಮಗುವನ್ನು ಸುವಾರ್ತೆಯ ಲೆಕ್ಕಕ್ಕೆ ಹಚ್ಚುವವರಿಂದ ದೂರ ಇರಿ. ಮಗಳು ಬಂದಾಗ ಅಮೆರಿಕದ ಸಭೆಯಲ್ಲಿ ಒಬ್ಬರು ಸಂತೋಷದಿಂದಲೇ 'ಒಂದು ಆತ್ಮ ಉಳಿಯಿತು' ಎಂದರು. ಒಳ್ಳೆಯ ಮನುಷ್ಯ. ಆದರೂ ನಾನು ಸುಮ್ಮನಿರಲಿಲ್ಲ: ಅವಳು ನಮ್ಮ ಮಗಳು, ನಾವು ಗೆದ್ದು ತಂದದ್ದಲ್ಲ ಎಂದೆ. ಮೋಶೆಯನ್ನು ಫರೋಹನ ಮಗಳು ಎತ್ತಿಕೊಂಡಾಗಲೂ ಹೆತ್ತ ತಾಯಿ ಹಾಲು ಕೊಟ್ಟಳು, ಅಕ್ಕ ದೂರ ನಿಂತು ಕಾದಳು. ಚಿಕ್ಕಂದಿನಿಂದ ಆ ಕಥೆಯನ್ನು ಬುಟ್ಟಿಯ ಕಥೆಯೆಂದೇ ಕೇಳಿದ್ದೆ. ಈಗ ಓದಿದರೆ ದಂಡೆಯ ಮೇಲೆ ನಿಂತವರೇ ಕಣ್ಣಿಗೆ ಬೀಳುತ್ತಾರೆ.

ಮಗಳ ಫೈಲ್ 2019ರ ಜನವರಿಯಲ್ಲಿ ಬಂತು. ಮೂರು ವರ್ಷ, ಸೀಳುತುಟಿ. ತುಟಿಯ ಶಸ್ತ್ರಚಿಕಿತ್ಸೆ ಆಗಿತ್ತು, ಸೀಳಿದ ಅಂಗುಳಿನದು ಬಾಕಿ. ಈ ಸಲ ಅಳೆದು ನೋಡಿ 'ನಮ್ಮಿಂದ ಆಗುತ್ತದೆ' ಎಂದೆವು. ಕಾಗದದ ಸರದಿ ತಪ್ಪಿಸಬೇಡಿ: ಮೊದಲು ಅಮೆರಿಕದ ವಲಸೆ ಇಲಾಖೆಯಿಂದ ಐ-800 ಎಂಬ ಅರ್ಜಿಗೆ ತಾತ್ಕಾಲಿಕ ಒಪ್ಪಿಗೆ, ಆಮೇಲೆ ರಾಯಭಾರ ಕಚೇರಿಯ ಪತ್ರ, ಅದಾದ ಮೇಲೆ ದೆಹಲಿಯ ಕಾರಾದಿಂದ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ) ನಿರಾಕ್ಷೇಪಣಾ ಪತ್ರ, ಕೊನೆಗೆ ದತ್ತು ಆದೇಶ. ನಮಗೆ ಆದೇಶ ಕೊಟ್ಟದ್ದು ನ್ಯಾಯಾಲಯ. 2022ರ ಸೆಪ್ಟೆಂಬರಿನಿಂದ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದು. ಮನೆಗೆ ಬಂದಮೇಲೂ ಎರಡು ವರ್ಷ ವರದಿ ಹೋಗಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ.

ಅವಳಿದ್ದ ಶಿಶುಗೃಹ ಬೇರೆ ರಾಜ್ಯದ್ದು. ಯಾವುದೆಂದು ಬರೆಯುವುದಿಲ್ಲ, ಅದು ಅವಳ ಕಥೆ, ಬೇಕಾದಾಗ ಅವಳೇ ಹೇಳಲಿ. ನಾವು ಹೋದಾಗ ಆಯಾ ಒಬ್ಬರ ಸೊಂಟದ ಮೇಲೆ ಕುಳಿತಿದ್ದಳು. ಕೈಯಲ್ಲಿ ನೆನೆದ ಬಿಸ್ಕತ್ತು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಎರಡು ದಿನ ನನ್ನ ಕೈಗೆ ಬರಲೇ ಇಲ್ಲ. ಆಯಾ ಅನ್ನ ಹಾಲು ಕಲಸಿ, ನುಣ್ಣಗೆ ಹಿಸುಕಿ, ಮಗುವನ್ನು ನೆಟ್ಟಗೆ ಕೂರಿಸಿಕೊಂಡು ತೋರುಬೆರಳಿನಿಂದ ಕೆನ್ನೆಯ ಒಳಬದಿಗೆ ಸವರುತ್ತಿದ್ದರು. ಮೂಗಿನಿಂದ ಹಾಲು ಬಂದರೆ ಸೆರಗಿನಿಂದ ಒರೆಸಿ, ತಡೆದು, ಮತ್ತೆ ಒಂದು ತುತ್ತು. ನಾನು ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದವಳು, ಅಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಮೂರನೆಯ ದಿನ ಅವರೇ ನನ್ನ ಬೆರಳು ಹಿಡಿದು ಬಟ್ಟಲಿಗೆ ಅದ್ದಿಸಿ ಕಲಿಸಿದರು.

ನಿಮಗೆ ನಾನು ಖಂಡಿತ ಹೇಳುವ ಒಂದು ಕೆಲಸ ಇದು: ಆಯಾ ಹತ್ತಿರ ಕುಳಿತು, ಮಗು ಆಡುವ ಮಾತುಗಳನ್ನು ಬರೆದುಕೊಳ್ಳಿ. ನೀರಿಗೆ ಏನನ್ನುತ್ತದೆ, ನೋವಿಗೆ ಏನನ್ನುತ್ತದೆ, ಹೆದರಿದಾಗ ಯಾರನ್ನು ಕರೆಯುತ್ತದೆ, ನಿದ್ದೆಗೆ ಯಾವ ಹಾಡು. ನಾನು ಒಂದು ನೋಟ್‌ಬುಕ್ಕಿನ ಎರಡು ಪುಟ ಕನ್ನಡದಲ್ಲಿ ಬರೆದುಕೊಂಡೆ. ವಿಮಾನದಲ್ಲಿ ಅವಳು ಗಂಟೆಗಟ್ಟಲೆ ಅತ್ತಾಗ ಸಾಂತ್ವನ ಕೊಟ್ಟದ್ದು ಆ ಎರಡು ಪುಟ ಮತ್ತು ಅವ್ವನ ಕೌದಿ. ಅಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರನ್ನು ನಾವು ಬದಲಿಸಲಿಲ್ಲ. ದೀಕ್ಷಾಸ್ನಾನವನ್ನೂ ಇನ್ನೂ ಮಾಡಿಸಿಲ್ಲ. ಸಭೆಯಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. ಅವಳು ತಿಳಿದು ಕೇಳಲಿ ಎಂಬುದು ನಮ್ಮ ಮನಸ್ಸು, ನೀವು ನಿಮ್ಮ ಸಭೆಯ ಅಯ್ಯನವರ ಜೊತೆ ಮಾತಾಡಿ ನಿಮ್ಮದನ್ನು ತೀರ್ಮಾನಿಸಿ.

ಇನ್ನೊಂದು. 'ದೇವರು ನಿನ್ನನ್ನು ನಮಗಾಗಿಯೇ ಹುಟ್ಟಿಸಿದ' ಎಂದು ಮಗುವಿಗೆ ಹೇಳಬೇಡಿ. ಹೇಳಲು ಸಿಹಿಯಾಗಿರುತ್ತದೆ. ಮಗು ದೊಡ್ಡದಾದ ಮೇಲೆ ಅದನ್ನು ತಿರುಗಿಸಿ ಕೇಳುತ್ತದೆ: ಹಾಗಾದರೆ ನನ್ನ ತಾಯಿಯಿಂದ ನನ್ನನ್ನು ಕಿತ್ತುಕೊಂಡವನೂ ಅವನೇನಾ? ನಾವು ಹೇಳುವುದು ಇಷ್ಟು: ನಿನ್ನ ಹೆತ್ತವ್ವನಿಗೆ ನಿನ್ನನ್ನು ಇಟ್ಟುಕೊಳ್ಳಲು ಆಗಲಿಲ್ಲ, ಯಾಕೆಂದು ನಮಗೆ ಗೊತ್ತಿಲ್ಲ. ನೀನು ಬೇಕೆಂದು ನಾವು ಬಂದೆವು.

ಈಗ ಅವಳಿಗೆ ಒಂಬತ್ತು ದಾಟಿದೆ. ಅವ್ವ ನಮ್ಮ ಜೊತೆಯೇ ಇದ್ದಾಳೆ. ಸಂಜೆಯ ಪ್ರಾರ್ಥನೆಯಲ್ಲಿ ಹಳದಿ ಅಂಗಿಯ ಹುಡುಗನೂ ಇರುತ್ತಾನೆ, ಮಗಳಿಗೆ ಅವನ ವಿಷಯ ಹೇಳಿದ್ದೇವೆ. ಹೋದ ತಿಂಗಳು ಒಂದು ಸಂಜೆ, ಕಣ್ಣು ಮುಚ್ಚುವ ಮೊದಲು ಅವಳು ಅವ್ವನ ಕಡೆ ತಿರುಗಿ, 'ಅಮ್ಮಾ, ನನ್ನ ಹಡದಾಕಿ ಇವತ್ತ ಉಂಡಾಳೇನ?' ಎಂದಳು. ನಾನು ಏನು ಹೇಳಲಿ ಎಂದು ತಡವರಿಸುತ್ತಿದ್ದೆ. ಅವ್ವ ಅವಳನ್ನು ಹತ್ತಿರ ಎಳೆದುಕೊಂಡು ಕೌದಿಯನ್ನು ಇಬ್ಬರ ಮೊಣಕಾಲ ಮೇಲೂ ಹೊದಿಸಿ, 'ನನಗೂ ತಿಳೀವಲ್ದವ್ವಾ. ಬಾ, ಕೇಳೂಣು' ಎಂದಳು.